ಕೆಂಪು ಮಚ್ಚೆಗೆ ಕ್ರೀಮ್, ಲೇಸರ್, ಕಾಟರಿ: ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕಾಟರಿಗೆ. ಚರ್ಮದ ಡಾಕ್ಟರು ಕರೆಂಟಿನ ಸಣ್ಣ ಸೂಜಿಯಿಂದ ಸುಡುತ್ತಾರಲ್ಲ, ಅದಕ್ಕೆ.

ನನಗೀಗ 52. ನಲವತ್ತು ದಾಟಿದ ಮೇಲೆ ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಒಂದೊಂದಾಗಿ ಎದ್ದವು. ಇವಕ್ಕೆ ಚೆರ್ರಿ ಆಂಜಿಯೋಮಾ ಅಂತಾರೆ. ಚರ್ಮದೊಳಗಿನ ಕೂದಲೆಳೆಯಂಥ ರಕ್ತನಾಳಗಳು ಒಂದೇ ಕಡೆ ಜಾಸ್ತಿ ಬೆಳೆದು ಗಂಟಾಗುತ್ತವೆ, ಅಷ್ಟೇ. ನೋವಿಲ್ಲ, ಅಂಟುವುದಿಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ನನಗೆ ಕಾಟ ಕೊಟ್ಟದ್ದು ಸೊಂಟದ ಹತ್ತಿರದ ಎರಡು. ಲಂಗದ ಲಾಡಿ ಅವುಗಳ ಮೇಲೇ ಉಜ್ಜಿ ರಕ್ತ ಬರುತ್ತಿತ್ತು.

ಡಾಕ್ಟರ ಹತ್ತಿರ ಹೋಗುವ ಬದಲು ಆನ್‌ಲೈನಿನಲ್ಲಿ 349 ರೂಪಾಯಿಗೆ ಮಚ್ಚೆ ತೆಗೆಯುವ ಕ್ರೀಮ್ ತರಿಸಿದೆ. ಪರೀಕ್ಷೆಗೆಂದು ತೋಳಿನ ಮೇಲಿನ ಒಂದು ಚುಕ್ಕೆಗೆ ಕಡ್ಡಿಯಿಂದ ಹಚ್ಚಿದೆ. ಅರ್ಧ ಗಂಟೆಯಲ್ಲಿ ಮೆಣಸಿನಕಾಯಿ ತಾಗಿದಂಥ ಉರಿ. ಬೆಳಿಗ್ಗೆ ಸುತ್ತಲಿನ ಚರ್ಮ ಬೆಳ್ಳಗಾಗಿತ್ತು, ಮೂರನೇ ದಿನಕ್ಕೆ ಕಪ್ಪು ಹಕ್ಕಳೆ ಕಟ್ಟಿತು.

ಹಕ್ಕಳೆ ಉದುರಿದಾಗ ಒಂದು ರೂಪಾಯಿ ನಾಣ್ಯದಷ್ಟು ಕಂದು ಕಲೆ ಕಂಡಿತು. ಅದರ ನಡುವೆ ಆ ಕೆಂಪು ಚುಕ್ಕೆ ಹಾಗೇ ಇತ್ತು! ಕಲೆ ಮಾಸಲು ಎಂಟು ತಿಂಗಳು ಬೇಕಾಯಿತು. ಅಷ್ಟೂ ದಿನ ಮೊಣಕೈವರೆಗಿನ ತೋಳಿರುವ ರವಿಕೆಯನ್ನೇ ಹಾಕಿಕೊಂಡೆ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಇಂಥ ಕ್ರೀಮು ಮೇಲಿನ ಚರ್ಮವನ್ನು ಸುಡುತ್ತದೆ, ರಕ್ತನಾಳದ ಗಂಟು ಇರುವುದು ಅದಕ್ಕಿಂತ ಕೆಳಗೆ. ನಮ್ಮಂಥ ಕಂದು ಮೈಬಣ್ಣದವರಿಗೆ ಗಾಯವಾದ ಕಡೆ ಕಪ್ಪು ಕಲೆ ಬೇಗ ಕೂರುತ್ತದೆ. ಇನ್ನೂ ದೊಡ್ಡ ಅಪಾಯ ಬೇರೆ: ಆ ಚುಕ್ಕೆ ನಿಜಕ್ಕೂ ಏನು ಅಂತ ಯಾರೂ ನೋಡುವ ಮೊದಲೇ ಸುಟ್ಟುಬಿಡುತ್ತೇವೆ. ಅವರು ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ದೀಪವಿರುವ ಭೂತಗನ್ನಡಿ) ಇಟ್ಟು ನೋಡಿದ ಮೇಲೆಯೇ ಸೂಜಿ ಹಿಡಿದದ್ದು.

ಕಾಟರಿಗೆ ಎರಡಕ್ಕೂ ಸೇರಿ 1,500 ರೂಪಾಯಿ. ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು, ಸುಟ್ಟದ್ದು ಒಂದೆರಡು ನಿಮಿಷ. ಕೂದಲು ಸುಟ್ಟ ವಾಸನೆ ಬಂತು. ಹತ್ತು ದಿನ ಲಾಡಿ ತಾಗದಂತೆ ಮನೆಯಲ್ಲಿ ನೈಟಿ ಹಾಕಿಕೊಂಡೆ. ಈಗ ಹುಡುಕಿದರೂ ಜಾಗ ಸಿಗುವುದಿಲ್ಲ.

ಮಗಳ ಮದುವೆಗೆ ಮುಂಚೆ ಕತ್ತಿನ ಕೆಳಗಿನ ಒಂದಕ್ಕೆ ಲೇಸರ್ ಮಾಡಿಸಿದೆ. ರಬ್ಬರ್ ಬ್ಯಾಂಡ್ ಚಟ್ಟನೆ ಬಡಿದಂತಾಯಿತು, ಚೆನ್ನಾಗಿಯೇ ಹೋಯಿತು. ಆದರೆ ಒಂದೇ ಚುಕ್ಕೆಗೆ 3,500. ಮುಖದ ಮೇಲಾದರೆ ಕೊಡಬಹುದು, ಅದೂ ಕಂದು ಚರ್ಮಕ್ಕೆ ಲೇಸರ್ ಮಾಡಿ ಕೈ ಪಳಗಿದವರ ಹತ್ತಿರ. ಬಟ್ಟೆಯೊಳಗೆ ಇರುವುದಕ್ಕೆ ನಾನಂತೂ ಅಷ್ಟು ಕೊಡಲಾರೆ.

ಯಾವ ಚುಕ್ಕೆಯಾದರೂ ಬಣ್ಣ ಬದಲಾದರೆ, ಅಂಚು ಸೊಟ್ಟಗಾದರೆ, ಏನೂ ತಾಗದೆ ರಕ್ತ ಬಂದರೆ ಕಾಯದೆ ತೋರಿಸಿ.

ನನ್ನ ಹೊಟ್ಟೆಯ ಮೇಲೆ ಇನ್ನೂ ಒಂಬತ್ತಿವೆ. ಅವಕ್ಕೆ ಲಾಡಿ ತಾಗುವುದಿಲ್ಲ, ಹಾಗಾಗಿ ಸುಮ್ನೆ ಬಿಟ್ಟಿದ್ದೇನೆ.