ಪುಟ್ಟ ಟೇಬಲ್ ಸಾ, ದೊಡ್ಡ ಹಲಗೆ: ನಾಲ್ಕು ಮಳೆಗಾಲ ಕಳೆದ ಮೇಲೆ

ಬದಿಯಡ್ಕದ ಹತ್ತಿರ ಮನೆಗೆ ತಾಗಿದ ಶೆಡ್ಡಿನಲ್ಲಿ ನನ್ನ ಮರದ ಕೆಲಸ. ಕಪಾಟು, ಮಂಚ, ಅಡುಗೆಮನೆಯ ಬಾಕ್ಸುಗಳು, ಹೀಗೆ. 10 ಇಂಚಿನ ಬ್ಲೇಡಿನ, ಕಾಲು ಮಡಚಿ ಇಡುವಂಥ ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆ ಬರುವ ಗರಗಸದ ಯಂತ್ರ, ತಂದು ನಾಲ್ಕು ಮಳೆಗಾಲ ಆಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಅಳತೆಯ ಯಾವ ಯಂತ್ರ ತಂದರೂ ದೊಡ್ಡ ಹಲಗೆಯ ಕಷ್ಟ ಇದೇ.

ಎರಡು ಅಡಿಯೊಳಗಿನ ತುಂಡುಗಳಿಗೆ ಇದು ಬಹಳ ಒಳ್ಳೆಯ ಯಂತ್ರ. ಒಂದೇ ಅಗಲದ ಇಪ್ಪತ್ತು ಪಟ್ಟಿ ಬೇಕೆಂದರೆ ಫೆನ್ಸ್, ಅಂದರೆ ಹಲಗೆಯನ್ನು ತಾಗಿಸಿ ತಳ್ಳುವ ಪಕ್ಕದ ಪಟ್ಟಿ, ಒಮ್ಮೆ ಬಿಗಿದರೆ ಸಾಕು, ಇಪ್ಪತ್ತೂ ಒಂದೇ ಥರ ಬರುತ್ತವೆ. ಒಣಗಿದ ಹಲಸನ್ನೂ ನಿಧಾನವಾಗಿ ಕೊಟ್ಟರೆ ಕೊಯ್ಯುತ್ತದೆ. ಜೊತೆಗೆ ಬಂದ ಬ್ಲೇಡಿಗೆ ಹಲ್ಲು ಕಡಿಮೆ, ಪ್ಲೈವುಡ್ಡಿನ ಅಂಚು ಕೀಳುತ್ತಿತ್ತು. 60 ಹಲ್ಲಿನದು ಹಾಕಿದ ಮೇಲೆ ಆ ತೊಂದರೆ ಇಲ್ಲ.

ತೊಂದರೆ ಶುರುವಾಗುವುದು ಪೂರ್ತಿ ಶೀಟ್ ಬಂದಾಗ. 8 ಅಡಿ, 4 ಅಡಿ, ಅಂದರೆ 2440 ಮಿಮೀ ಮತ್ತು 1220 ಮಿಮೀ. 18 ಮಿಮೀ ದಪ್ಪದ್ದು ಸುಮಾರು 30 ಕಿಲೋ ತೂಗುತ್ತದೆ. ಮಳೆ ಜಾಸ್ತಿ ಇರುವ ನಮ್ಮ ಊರಲ್ಲಿ ಅಡುಗೆಮನೆಗೆ ಐಎಸ್ 710 ಅನ್ನುವ ಭಾರತೀಯ ಮಾನಕದ ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈವುಡ್ಡೇ ಬೇಕು ಅನ್ನುವವರಿದ್ದಾರೆ, ಅದು ಇನ್ನೂ ಭಾರ. ನನ್ನ ಯಂತ್ರದ ಮೇಜು ಎರಡು ಅಡಿ ಉದ್ದವೂ ಇಲ್ಲ. ಫೆನ್ಸ್ ಬ್ಲೇಡಿನಿಂದ 60 ಸೆಂಮೀಗೆ ನಿಲ್ಲುತ್ತದೆ. ಶೀಟನ್ನು ನಡುವೆ ಸೀಳಬೇಕೆಂದರೆ ಬ್ಲೇಡಿನ ದಪ್ಪ ಕಳೆದರೂ ಅದಕ್ಕಿಂತ ಒಂದಿಷ್ಟು ಜಾಸ್ತಿ ಬೇಕು, ಅಲ್ವಾ?

ಮೊದಲ ವರ್ಷ ನಾನು ಅದನ್ನು ಲೆಕ್ಕಿಸಲಿಲ್ಲ. ಆರು ಅಡಿ ಉದ್ದದ, ಒಂದೂವರೆ ಅಡಿ ಅಗಲದ ಪ್ಲೈವುಡ್ ತುಂಡು ಸೀಳುತ್ತಿದ್ದೆ. ಆಚೆ ಬದಿಗೆ ಆಧಾರಕ್ಕೆ ಒಂದು ಹಳೇ ಸ್ಟೂಲ್. ಹಿಂದಿನ ದಿನ ಹಲಗೆಯಲ್ಲಿ ಗಾಡಿ (ಉದ್ದಕ್ಕೆ ಕೊರೆಯುವ ಸಾಲು) ತೆಗೆಯಲೆಂದು ಬ್ಲೇಡಿನ ಹಿಂದೆ ನಿಲ್ಲುವ ತೆಳ್ಳನೆಯ ತಗಡು, ಅಂದರೆ ರೈವಿಂಗ್ ನೈಫ್, ಬಿಚ್ಚಿದ್ದೆ, ವಾಪಸ್ ಹಾಕಿರಲಿಲ್ಲ. ಮುಕ್ಕಾಲು ಭಾಗ ದಾಟುವಾಗ ಸ್ಟೂಲ್ ಸರಿಯಿತು. ಆಚೆ ತುದಿ ಕೆಳಗೆ ಬಾಗಿತು, ನನ್ನ ಕಡೆಯದು ಮೇಜಿನಿಂದ ಎದ್ದಿತು, ಒತ್ತಿ ಹಿಡಿಯಲು ಹೋದಾಗ ಫೆನ್ಸ್ ಬಿಟ್ಟು ಓರೆಯಾಯಿತು. ಮೋಟಾರಿನ ಸದ್ದು ಒಮ್ಮೆಲೇ ಇಳಿಯಿತು, ಸುಟ್ಟ ವಾಸನೆ ಬಂತು, ಅಷ್ಟರಲ್ಲಿ ಹಲಗೆ ನನ್ನ ಸೊಂಟದ ಪಕ್ಕದಿಂದ ಹಾರಿ ಹಿಂದಿನ ಮುರಕಲ್ಲಿನ ಗೋಡೆಗೆ ಹೊಡೆಯಿತು. ಕಲ್ಲಿನ ಮೂಲೆ ಉದುರಿದೆ. ಬ್ಲೇಡಿನ ಗೆರೆಯಿಂದ ಎಡಕ್ಕೆ ನಿಂತದ್ದರಿಂದ ಉಳಿದೆ.

ಬ್ಲೇಡಿನ ಮುಂದಿನ ಹಲ್ಲು ಹಲಗೆಯನ್ನು ಮೇಜಿಗೆ ಒತ್ತುತ್ತದೆ. ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಸೀಳು ಮುಚ್ಚಿಕೊಂಡರೆ ಅಥವಾ ಹಲಗೆ ಓರೆಯಾದರೆ ಆ ಹಿಂದಿನ ಹಲ್ಲು ಕಚ್ಚಿ, ಎತ್ತಿ, ನಮ್ಮ ಕಡೆಗೇ ಎಸೆಯುತ್ತದೆ. ಆ ತಗಡು ಇರುವುದೇ ಇದನ್ನು ತಡೆಯಲು. ದಯವಿಟ್ಟು ಅದನ್ನು ಬಿಚ್ಚಿ ಮೂಲೆಗೆ ಹಾಕಬೇಡಿ.

ಈಗ ಪೂರ್ತಿ ಶೀಟನ್ನು ಟೇಬಲ್ ಸಾ ಮೇಲೆ ಏರಿಸುವುದೇ ಇಲ್ಲ. ನೆಲದ ಮೇಲೆ ದಪ್ಪ ಥರ್ಮಕೋಲ್ ಹಾಸಿ, ಶೀಟ್ ಮಲಗಿಸಿ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾದಲ್ಲಿ ಬೇಕಾದ ಅಳತೆಗಿಂತ 5 ಮಿಮೀ ಜಾಸ್ತಿ ಬಿಟ್ಟು ಕೊಯ್ಯುತ್ತೇನೆ. ಬ್ಲೇಡ್ ಥರ್ಮಕೋಲಿಗೆ ಸ್ವಲ್ಪ ಇಳಿದರೆ ಸಾಕು. ಎರಡು ತುಂಡಿಗೂ ಕೆಳಗೆ ಆಧಾರ ಇರುವುದರಿಂದ ಸೀಳು ಮುಚ್ಚಿಕೊಳ್ಳುವುದಿಲ್ಲ. ನೇರಕ್ಕೆ ಒಂದು ಗೈಡ್ ಮಾಡಿಕೊಂಡಿದ್ದೇನೆ: 6 ಮಿಮೀ ಪ್ಲೈವುಡ್ಡಿನ ಅಗಲ ಪಟ್ಟಿ, ಅದರ ಮೇಲೆ ಕಾರ್ಖಾನೆಯಲ್ಲೇ ನೇರವಾಗಿ ಕೊಯ್ದ ಅಂಚಿರುವ ಕಿರಿದಾದ ಪಟ್ಟಿ ಅಂಟಿಸಿ, ಆ ಅಂಚಿಗೆ ತಾಗಿಸಿ ಒಮ್ಮೆ ಸಾ ಓಡಿಸಿದರೆ ಕೆಳಗಿನ ಪಟ್ಟಿಯಲ್ಲಿ ಹೆಚ್ಚಿದ್ದದ್ದು ಕತ್ತರಿಸಿ ಹೋಗುತ್ತದೆ. ಉಳಿದ ಅಂಚೇ ಬ್ಲೇಡ್ ಹೋಗುವ ಗೆರೆ. ಪೆನ್ಸಿಲ್ ಗುರುತಿಗೆ ಆ ಅಂಚು ಕೂರಿಸಿ, ಕ್ಲಾಂಪ್ ಬಿಗಿದು ಓಡಿಸಿದರೆ ಆಯಿತು. ಒಂದು ನೆನಪಿಡಿ, ಕೈಯ ಸಾದಲ್ಲಿ ಮೇಲಿನ ಮುಖ ಕೀಳುತ್ತದೆ, ಟೇಬಲ್ ಸಾದಲ್ಲಿ ಕೆಳಗಿನ ಮುಖ. ಹಾಗಾಗಿ ಚೆಂದದ ಮುಖವನ್ನು ಕೈಯ ಸಾಗೆ ಕೆಳಗೆ ಮಾಡಿ, ಟೇಬಲ್ ಸಾಗೆ ಮೇಲೆ ಮಾಡಿ.

ಆಮೇಲೆ ಟೇಬಲ್ ಸಾ ಕೊನೆಯ ಅಳತೆಗೆ. ಆಚೆ ಬದಿಗೆ ನಾಲ್ಕಡಿ ಉದ್ದದ ಮೇಜು ಮಾಡಿದ್ದೇನೆ, ಮೇಲೆ ಮೈಕಾ, ಅದರ ಮೇಲೆ ಮೇಣದ ಬತ್ತಿ ಉಜ್ಜಿ ಒರೆಸಿದ್ದು. ಯಂತ್ರದ ಮೇಜಿಗಿಂತ ಇದನ್ನು 1 ಮಿಮೀ ತಗ್ಗಿಸಿದೆ, ಇಲ್ಲವಾದರೆ ಹಲಗೆಯ ಮೂಗು ಬಂದು ತಾಗಿ ನಿಲ್ಲುತ್ತದೆ. ಮೊದಲು ರೋಲರ್ ಸ್ಟ್ಯಾಂಡ್ ತಂದಿದ್ದೆ. ಅದು ಸ್ವಲ್ಪ ಓರೆಯಾದರೂ ಹಲಗೆಯನ್ನು ಫೆನ್ಸಿನಿಂದ ದೂರ ಎಳೆಯುತ್ತದೆ, ನನಗೆ ಹಿಡಿಸಲಿಲ್ಲ.

ಉದ್ದದ ಹಲಗೆಗೆ ಭಾವ ಬರುತ್ತಾರೆ. ಮೊದಮೊದಲು ಆಚೆಯಿಂದ ಎಳೆಯುತ್ತಿದ್ದರು. "ಎಳೆಯಬೇಡಿ ಭಾವ, ಸುಮ್ನೆ ಕೆಳಗಿನಿಂದ ಭಾರ ಹಿಡಿದುಕೊಳ್ಳಿ" ಅಂದೆ. ದಾರಿ ತೋರಿಸುವುದು ಒಬ್ಬನೇ, ತಳ್ಳುವವನು. ಇದು ಇಬ್ಬರಿಗೂ ಗೊತ್ತಿದ್ದರೆ ಮಾತ್ರ ಸ್ವಿಚ್ ಒತ್ತಿ.

ಮಳೆಗಾಲದ ವಿಷಯ. ಮೇಜು ಅಲ್ಯೂಮಿನಿಯಂ, ತುಕ್ಕಿಲ್ಲ. ಆದರೆ ಬ್ಲೇಡ್ ಏರಿಸುವ ಸ್ಕ್ರೂಗೆ ಒದ್ದೆ ಹುಡಿ ಕೂತು ಜುಲೈಯಲ್ಲಿ ತಿರುಗುವುದಿಲ್ಲ. ಎಣ್ಣೆ ಬಿಡಬೇಡಿ, ಹುಡಿ ಇನ್ನೂ ಅಂಟುತ್ತದೆ. ಪ್ಲಗ್ ತೆಗೆದು, ಬ್ರಷ್ಷಿನಲ್ಲಿ ಉಜ್ಜಿ, ಮೇಣ ಸವರಿ. ಸಂಜೆ ವೋಲ್ಟೇಜ್ ಇಳಿದಾಗ ದಪ್ಪ ಮರ ಕೊಯ್ಯುವುದಿಲ್ಲ. ಉದ್ದದ ವೈರ್ ಬೇಕಾದರೆ 2.5 ಚದರ ಮಿಮೀಯದ್ದೇ ಹಾಕಿ, ತೆಳ್ಳಗಿನದು ಬಿಸಿಯಾಗುತ್ತದೆ.

ಮತ್ತೆ ತರುತ್ತೀರಾ ಅಂದರೆ, ಹೌದು, ಇದನ್ನೇ ತರುತ್ತೇನೆ. ಆದರೆ ಅದೇ ದಿನ ಸರ್ಕ್ಯುಲರ್ ಸಾ ಕೂಡ ತರುತ್ತೇನೆ, ಒಂದು ವರ್ಷ ಬಿಟ್ಟು ಅಲ್ಲ. ಕಳೆದ ವಾರ ಸಾಮಿಲ್ಲಿನಿಂದ 9 ಅಡಿಯ ಎರಡು ಹೆಬ್ಬಲಸಿನ ಹಲಗೆ ಬಂದಿವೆ, ಮಂಚಕ್ಕೆ. ನೆಲದ ಮೇಲೆಯೇ ಅಡ್ಡಕ್ಕೆ ತುಂಡು ಮಾಡಿಟ್ಟಿದ್ದೇನೆ. ಭಾವ ಭಾನುವಾರ ಬರುತ್ತಾರೆ.