ಹಿತ್ತಲ ಅಂಗಳಕ್ಕೆ 1.85 ಲಕ್ಷ ಸುರಿದ ಕಥೆ: ಡಿಸೈನಿಗೆ ಎರಡು ಸ್ಟಾರ್, ಮೇಸ್ತ್ರಿಗೆ ಐದು

ಮೊದಲೇ ಹೇಳಿಬಿಡುತ್ತೇನೆ, ಕಂಪನಿ ಹೆಸರು ಹಾಕುವುದಿಲ್ಲ. ಮೂರು ಕಡೆ ಕೊಟೇಶನ್ ತೆಗೆಸಿದ್ದೆ, ಮೂವರೂ ತೋರಿಸಿದ್ದು ಹೆಚ್ಚುಕಮ್ಮಿ ಒಂದೇ ಚಿತ್ರ. ಹಸಿರು ಹುಲ್ಲು, ಬಿಳಿ ಬೆಣಚುಕಲ್ಲು, ಗೋಡೆ ತುಂಬ ಗಿಡ, ಮೂಲೆಯಲ್ಲಿ ಬುದ್ಧನ ತಲೆ, ಅದರ ಮುಂದೆ ಜುಳುಜುಳು ನೀರು. ಹಾಗಾಗಿ ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ, ಆ ಪ್ಯಾಕೇಜಿನಲ್ಲಿ ಏನು ಉಳಿಯಿತು, ಏನು ಹೋಯಿತು ಅಂತ ಹೇಳುತ್ತೇನೆ. ಕೆಲಸ ಮುಗಿದು ಎರಡು ವರ್ಷ ದಾಟಿದೆ. ಮುಗಿದ ವಾರವೇ ಬರೆದಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಟ್ಟಿರುತ್ತಿದ್ದೆ.

ನಮ್ಮದು ರಾಜರಾಜೇಶ್ವರಿ ನಗರದ ಕಡೆ 30x40 ಸೈಟು. ದಕ್ಷಿಣ ದಿಕ್ಕಿನದು ಅಂತ ಯಾರೂ ಮುಟ್ಟದೆ ಬಿಟ್ಟಿದ್ದರು, ನಮಗೆ ಸ್ವಲ್ಪ ಕಡಿಮೆಗೆ ಸಿಕ್ಕಿತು. ಹಿಂದುಗಡೆ ಅಡುಗೆಮನೆ ಬಾಗಿಲು ತೆಗೆದರೆ 12 ಅಡಿ ಉದ್ದ, 10 ಅಡಿ ಅಗಲದ ಜಾಗ. ಎಂಟು ವರ್ಷ ಅಲ್ಲಿದ್ದದ್ದು ಬಟ್ಟೆ ಹಗ್ಗ, ಗ್ಯಾಸ್ ಸಿಲಿಂಡರ್, ಒಂದು ಕಾಲು ಮುರಿದ ಕುರ್ಚಿ. ಆಮೇಲೆ ಸಾಗರದ ಹತ್ತಿರದ ಹಳ್ಳಿಯಿಂದ ನಮ್ಮ ಅತ್ತೆ ಬಂದು ನಮ್ಮ ಜೊತೆ ಇರೋಕೆ ಶುರು ಮಾಡಿದರು. ಅಡಿಕೆ ಹರವುವಷ್ಟು ದೊಡ್ಡ ಅಂಗಳದಲ್ಲಿ ಐವತ್ತು ವರ್ಷ ಓಡಾಡಿದವರು. ಇಲ್ಲಿ ಕೂರೋಕೆ ಒಂದು ಜಗಲಿ ಇಲ್ಲ ಅಂತ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬೆಳಿಗ್ಗೆ ಹಿತ್ತಲ ಹೊಸ್ತಿಲಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಆ ಸಿಲಿಂಡರ್ ಮುಖ ನೋಡುತ್ತಾ ಸೊಪ್ಪು ಸೋಸುತ್ತಿದ್ದರು. ಅದನ್ನು ನೋಡಿಯೇ ನಾವು ಈ ಖರ್ಚಿಗೆ ಇಳಿದದ್ದು.

ಕಂಪನಿಯಿಂದ ಒಬ್ಬ ಹುಡುಗ ಬಂದ. ಲೇಸರ್ ಮೀಟರ್ ಇಟ್ಟು ಹದಿನೈದು ನಿಮಿಷದಲ್ಲಿ ಅಳತೆ ತೆಗೆದುಕೊಂಡು ಹೋದ. ಮೂರನೇ ದಿನಕ್ಕೆ ತ್ರೀಡಿ ಚಿತ್ರ ವಾಟ್ಸಾಪಿಗೆ ಬಂತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಬೆತ್ತದ ಕುರ್ಚಿಯಲ್ಲಿ ಕಾಫಿ ಮಗ್ ಹಿಡಿದು ಯಾರೋ ಹೆಂಗಸು ಕೂತಿದ್ದಳು, ನಮ್ಮ ಯಜಮಾನರು "ಇವರು ಪ್ಯಾಕೇಜಿನ ಜೊತೆಗೇ ಬರ್ತಾರಾ" ಅಂದರು. ಅತ್ತೆ ಮಾತ್ರ ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. "ಹುಲ್ಲು ಎಂತಕ್ಕೆ? ದನ ಕಟ್ಟೋದುಂಟಾ?" ಅಂದರು. ಆಮೇಲೆ, "ಹಪ್ಪಳ ಒಣಗ್ಸೋದು ಎಲ್ಲಿ ಹಾಗಾದ್ರೆ?" ನಾವೆಲ್ಲ ನಕ್ಕುಬಿಟ್ಟೆವು.

ಒಟ್ಟು 1,85,000 ರೂಪಾಯಿ, ಅರ್ಧ ಮುಂಗಡ. ಐದು ದಿನ ಅಂದವರು ಒಂಬತ್ತು ದಿನ ತೆಗೆದುಕೊಂಡರು, ಅದೇನು ದೊಡ್ಡ ವಿಷಯ ಅಲ್ಲ. 2023ರ ಏಪ್ರಿಲ್ ಕೊನೆಗೆ ಎಲ್ಲ ರೆಡಿ.

ಈಗ ಹುಲ್ಲಿನ ವಿಷಯ. ಹಾಕಿದ್ದು ಮೆಕ್ಸಿಕನ್ ಗ್ರಾಸ್, ಮಣೆ ಮಣೆಯಾಗಿ ಕತ್ತರಿಸಿ ತಂದು ಚಾಪೆ ಹಾಸಿದ ಹಾಗೆ ಹಾಸಿದರು. ಮೇ, ಜೂನ್ ತಿಂಗಳಲ್ಲಿ ನೋಡೋಕೆ ಎರಡು ಕಣ್ಣು ಸಾಲದು. ಬಂದವರಿಗೆಲ್ಲ ಚಪ್ಪಲಿ ಬಿಡಿಸಿ ನಡೆಸಿದ್ದೇ ನಡೆಸಿದ್ದು. ಅಕ್ಟೋಬರ್ ಹೊತ್ತಿಗೆ ಅಲ್ಲಲ್ಲಿ ಹಳದಿ ಆಯಿತು. ಕಂಪನಿಯವರು ಗೊಬ್ಬರ ಕಮ್ಮಿ ಆಗಿದೆ ಅಂದರು, ಹಾಕಿದೆವು. ನೀರು ಜಾಸ್ತಿ ಆಗಿದೆ ಅಂದರು, ಕಮ್ಮಿ ಮಾಡಿದೆವು. ಡಿಸೆಂಬರ್‌ನಲ್ಲಿ ಹುಲ್ಲು ಉದುರಿ, ಬೋಳು ಮಣ್ಣಿನ ಮೇಲೆ ಪಾಚಿ ಕಟ್ಟಿತ್ತು.

ಇದು ಗೊಬ್ಬರದ್ದೂ ಅಲ್ಲ, ನೀರಿನದ್ದೂ ಅಲ್ಲ. ಬಿಸಿಲಿನದ್ದು. ನಾನು ಆಮೇಲೆ ತಲೆ ಕೆಡಿಸಿಕೊಂಡು ಲೆಕ್ಕ ಹಾಕಿದೆ. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಪೇಪರಿನಲ್ಲಿ ಶೂನ್ಯ ನೆರಳಿನ ದಿನ ಅಂತ ಬರುತ್ತದಲ್ಲ, ಅದೇ. ಆ ಎರಡು ದಿನಗಳ ನಡುವೆ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನ ಕೂಡ 53, 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ನಮ್ಮ ಮನೆ ಪ್ಯಾರಾಪೆಟ್ ಸೇರಿ 23 ಅಡಿ ಎತ್ತರ, ಅಂಗಳ ಇರೋದು ಮನೆಯ ಉತ್ತರಕ್ಕೆ. ಆಗ ಮನೆಯ ನೆರಳು ಸುಮಾರು 17 ಅಡಿ ಬೀಳುತ್ತದೆ, ಅಂಗಳದ ಅಗಲ 10 ಅಡಿ. ಅಂದರೆ ಚಳಿಗಾಲದಲ್ಲಿ ಮಧ್ಯಾಹ್ನದ ಬಿಸಿಲು ಒಂದು ಹನಿಯೂ ಕೆಳಗೆ ಬರಲ್ಲ. ಲಾನ್ ಹುಲ್ಲಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಅಳತೆ ತೆಗೆಯೋಕೆ ಬಂದ ಹುಡುಗ ದಿಕ್ಕು ಯಾವುದು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಫೋನಿನಲ್ಲೇ ಕಂಪಾಸ್ ಇರುತ್ತದೆ, ಅಲ್ವಾ?

ಒಂದು ಲೆಕ್ಕದಲ್ಲಿ ಹುಲ್ಲು ಸತ್ತದ್ದೂ ಒಳ್ಳೆಯದೇ ಆಯಿತು. 2024ರ ಮಾರ್ಚಿನಲ್ಲಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ, ಕುಡಿಯೋ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಬೀದಿಯಲ್ಲಿ ಲಾನ್ ಇದ್ದವರ ಮುಖ ನೋಡಬೇಕಿತ್ತು.

ಗೋಡೆ ತುಂಬ ಗಿಡ ಅಂದೆನಲ್ಲ, ಆ ವರ್ಟಿಕಲ್ ಗಾರ್ಡನ್ ಬಗ್ಗೆ ಜಾಸ್ತಿ ಬರೆಯಲ್ಲ, ಬರೆದರೆ ಬೇಜಾರು. ಅರವತ್ತು ಪ್ಲಾಸ್ಟಿಕ್ ಬುಟ್ಟಿ, ಒಂದೊಂದರಲ್ಲಿ ಒಂದು ಹಿಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೇಲೆ ಡ್ರಿಪ್ ಪೈಪ್. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಮೂರು ತಿಂಗಳಲ್ಲಿ ಡ್ರಿಪ್ಪಿನ ತೂತಿಗೆಲ್ಲ ಬಿಳಿ ಉಪ್ಪು ಕಟ್ಟಿತು. ನೀರು ಬಾರದ ಬುಟ್ಟಿಯ ಗಿಡ ಎರಡೇ ದಿನಕ್ಕೆ ಸುರುಟಿಹೋಗುತ್ತದೆ, ಅಷ್ಟು ಸ್ವಲ್ಪ ಮಣ್ಣು ಎಷ್ಟು ನೀರು ಹಿಡಿದಿಟ್ಟೀತು? ಸೂಜಿ ಹಿಡಿದು ತೂತು ಬಿಡಿಸುತ್ತಾ ಕೂತ ಭಾನುವಾರಗಳಿಗೆ ಲೆಕ್ಕವಿಲ್ಲ. ಕಳಚಿ ಗುಜರಿಗೆ ಹಾಕಿದೆವು.

ಫೌಂಟೇನ್ ಕಥೆ ಬೇರೆ. ಮೋಟರ್ ಶಬ್ದಕ್ಕೆ ಅತ್ತೆಗೆ ಮಧ್ಯಾಹ್ನ ನಿದ್ದೆ ಬರಲ್ಲ ಅಂತ ಆಫ್ ಮಾಡಿ ಇಟ್ಟಿದ್ದೆವು. 2024ರ ಮಳೆಗಾಲದಲ್ಲಿ ಡೆಂಗಿ ಜೋರಾಗಿತ್ತಲ್ಲ, ಮನೆ ಮನೆಗೆ ಆಶಾ ಕಾರ್ಯಕರ್ತೆಯರು ಬರುತ್ತಿದ್ದರು. ಒಬ್ಬರು ನೇರ ಹಿತ್ತಲಿಗೆ ಬಂದು, ಟಾರ್ಚ್ ಬಿಟ್ಟು, "ಬನ್ನಿ ಮೇಡಂ ನೋಡಿ" ಅಂತ ಕರೆದರು. ಬುದ್ಧನ ಗಲ್ಲದ ಕೆಳಗಿನ ನೀರಿನಲ್ಲಿ ಕೊಂಕುಕೊಂಕಾಗಿ ಕುಣಿಯುತ್ತಿದ್ದವು ಲಾರ್ವಾಗಳು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ, ಹತ್ತು ದಿನ ಸಾಕು, ವಾರಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ ಅಂದರು. ನಾಚಿಕೆಯಾಯಿತು. ಈಗ ಅದರಲ್ಲಿ ಎಂಟು ಗಪ್ಪಿ ಮೀನು ಇವೆ, ಮೋಟರ್ ಅಟ್ಟದ ಮೇಲಿದೆ, ಬುದ್ಧ ಇದ್ದಲ್ಲೇ ಶಾಂತವಾಗಿ ಇದ್ದಾನೆ.

ಸಂಪಿನ ಪಕ್ಕದಲ್ಲೇ ಸಾಲಾಗಿ ಫೈಕಸ್ ಗಿಡ ನೆಟ್ಟಿದ್ದರು, ಅದನ್ನೂ ಹೇಳಬೇಕು. ಅದು ಆಲ, ಅರಳಿ ಜಾತಿಯ ಗಿಡ. ಬೇರು ನೀರಿನ ಪಸೆ ಹುಡುಕಿಕೊಂಡು ಹೋಗುತ್ತದೆ, ಗೋಡೆ ಬಿರುಕು ಸಿಕ್ಕಿದರೆ ನುಗ್ಗುತ್ತದೆ. ಪಕ್ಕದ ಮನೆಯವರು ಹೇಳಿದ್ದಕ್ಕೆ ಬಚಾವ್, ಕಿತ್ತು ಕುಂಡಕ್ಕೆ ಹಾಕಿದ್ದೇವೆ.

ಇಷ್ಟೆಲ್ಲ ಬೈದ ಮೇಲೂ ನಾನು ಒಟ್ಟಿಗೆ ಒಂದು ಸ್ಟಾರ್ ಕೊಟ್ಟು ಎದ್ದು ಹೋಗದೆ ಇರೋದಕ್ಕೆ ಕಾರಣ, ಅವರು ಕಳಿಸಿದ ಮೇಸ್ತ್ರಿ. ಶಿರಾ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ಮಾತು ಕಮ್ಮಿ. ಚಿತ್ರದಲ್ಲಿ ಇದ್ದದ್ದು ಮರದ ಡಿಸೈನಿನ ನುಣುಪು ಟೈಲ್ಸ್. ಅವರು ಮೊದಲ ದಿನವೇ ಬಾಕ್ಸ್ ತೆಗೆದು, ಒಂದು ಟೈಲ್ಸ್ ಮೇಲೆ ಚೊಂಬು ನೀರು ಸುರಿದು, ಚಪ್ಪಲಿ ಕಾಲಲ್ಲಿ ಒಮ್ಮೆ ಎಳೆದು ತೋರಿಸಿದರು. ಕಾಲು ಸರ್ ಅಂತ ಹೋಯಿತು. "ವಯಸ್ಸಾದೋರು ಓಡಾಡೋ ಜಾಗ ಅಕ್ಕಾ, ಇದು ಬ್ಯಾಡ" ಅಂದರು. ಕಂಪನಿಗೆ ಫೋನ್ ಮಾಡಿ ಜಗಳ ಆಡಿದ್ದೂ ಅವರೇ. ಟೈಲ್ಸ್ ವಾಪಸ್ ಹೋಗಿ ಸಾದರಹಳ್ಳಿ ಕಲ್ಲು ಬಂತು. ದೇವನಹಳ್ಳಿ ಕಡೆಯ ಆ ಬೂದು ಬಣ್ಣದ ಗ್ರಾನೈಟ್, ಪಾಲಿಶ್ ಇಲ್ಲದ ಒರಟು ಮೈ, ಎರಡಿಂಚು ದಪ್ಪ. ಕಡಪ ಕಲ್ಲು ಅಗ್ಗ ಅಲ್ವಾ ಅಂತ ಕೇಳಿದೆ. ಕಪ್ಪು ಕಲ್ಲು, ಬೇಸಿಗೆಯಲ್ಲಿ ಅಂಗಾಲು ಸುಡುತ್ತದೆ, ಬಿಸಿಲು ಮಳೆಗೆ ಬಣ್ಣ ಬೆಳ್ಳಗಾಗುತ್ತದೆ ಅಂದರು. ನಿಜ, ನನ್ನ ತವರಿನ ತಾರಸಿ ಮೆಟ್ಟಿಲಿನಲ್ಲಿ ಅದನ್ನು ನೋಡಿದ್ದೇನೆ.

ಆಮೇಲೆ ವಾಟ, ಅಂದರೆ ನೀರು ಹರಿದುಹೋಗೋಕೆ ಕೊಡುವ ಇಳಿಜಾರು. ಅಂಗಳದ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ ಅಂತ ನನಗೆ ಗೊತ್ತಾದದ್ದು ಅವರಿಂದ. ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು, ಅಡುಗೆಮನೆ ಗೋಡೆಯಿಂದ ಕಾಂಪೌಂಡ್ ಕಡೆಗೆ. ಕಣ್ಣಿಗೆ ಕಾಣುವುದೇ ಇಲ್ಲ, ಕುರ್ಚಿ ಹಾಕಿದರೆ ಅಲ್ಲಾಡಲ್ಲ. ರಸಮಟ್ಟ ಇಟ್ಟು, ದಾರ ಎಳೆದು, ಒಂದೊಂದು ಕಲ್ಲನ್ನೂ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದರು. ಮುಗಿದ ಮೇಲೆ ನಮ್ಮ ಮಗನ ಹತ್ತಿರ ಒಂದು ಗೋಲಿ ಇಸ್ಕೊಂಡು ಅಡುಗೆಮನೆ ಬಾಗಿಲ ಹತ್ತಿರ ಬಿಟ್ಟರು. ಗೋಲಿ ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ನಿಧಾನಕ್ಕೆ ಹೊರಟು, ಕಾಂಪೌಂಡ್ ಪಕ್ಕದ ಕಿರುಕಾಲುವೆಗೆ ಬಿದ್ದು, ಅಲ್ಲಿಂದ ಉರುಳಿ ಮೂಲೆಯ ಜಾಲಿ ಮೇಲೆ ಟಣ್ ಅಂತ ನಿಂತಿತು. ಮಗ ಅವತ್ತು ಸಂಜೆವರೆಗೂ ಅದೇ ಆಟ ಆಡಿದ.

ಆ ಜಾಲಿ ಕೆಳಗೆ ಇಂಗುಗುಂಡಿ ಇದೆ. ಜಾಗ ಚಿಕ್ಕದು ಅಂತ ಅಂದುಕೊಳ್ಳಬೇಡಿ, 120 ಚದರ ಅಡಿಗೆ ಒಂದು ಜೋರು ಮಳೆ, ಅಂದರೆ 50 ಮಿಲಿಮೀಟರ್ ಬಿದ್ದರೆ 550 ಲೀಟರ್ ನೀರು. ಐವತ್ತು ಬಿಂದಿಗೆ! ವಾಟ ತಪ್ಪಿದ್ದರೆ ಅದಷ್ಟೂ ಅಡುಗೆಮನೆಗೆ. ಹಳೆ ತೊಟ್ಟಿ ಮನೆಗಳಲ್ಲಿ ನಡುವಿನ ಅಂಗಳ ಒಂದು ಅಡಿ ತಗ್ಗಿನಲ್ಲಿ ಇರುತ್ತದಲ್ಲ, ಸುತ್ತ ನಾಲ್ಕು ಕಡೆಯ ಹೆಂಚಿನ ನೀರು ಅಲ್ಲಿಗೆ ಬಿದ್ದು ಕಂಡಿಯಲ್ಲಿ ಹೊರಗೆ ಹೋಗುತ್ತದೆ. ಅಲ್ಲಿ ಹುಲ್ಲು ಇಲ್ಲ, ಕಲ್ಲು ಹಾಸು, ನಡುವೆ ತುಳಸಿಕಟ್ಟೆ, ಅಷ್ಟೇ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ, ಚೆಂದ ಅಂತ ಫೋಟೋ ತೆಗೆದಿದ್ದೇನೆ. ಯಾಕೆ ಹಾಗೆ ಮಾಡಿದ್ದಾರೆ ಅಂತ ಯೋಚನೆ ಮಾಡಿರಲಿಲ್ಲ.

ಕೊನೆಗೆ ಮೂರು ಚಪ್ಪಡಿ ಮಿಕ್ಕಿತು. "ಎಸೀಬ್ಯಾಡಿ" ಅಂತ ಹೇಳಿ, ಗೋಡೆಗೆ ಅಂಟಿಸಿ, ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ, ಮೇಲೆ ಚಪ್ಪಡಿ ಕೂರಿಸಿ ಒಂದು ಜಗಲಿ ಮಾಡಿಕೊಟ್ಟರು. ಚಿತ್ರದಲ್ಲಿ ಇಲ್ಲದ್ದು, ಬಿಲ್ಲಿನಲ್ಲೂ ಇಲ್ಲದ್ದು. ಅಂಚನ್ನು ಕೈಯಲ್ಲೇ ಉಜ್ಜಿ ದುಂಡಗೆ ಮಾಡಿದ್ದರು, ಸೀರೆ ಸಿಕ್ಕಿಕೊಳ್ಳಬಾರದು ಅಂತ. ಈಗ ಇಡೀ ಮನೆಯಲ್ಲಿ ಅತ್ತೆ ಜಾಸ್ತಿ ಹೊತ್ತು ಇರೋದು ಅದರ ಮೇಲೆಯೇ.

ಹುಲ್ಲು ಹೋದ ಜಾಗದಲ್ಲಿ ಈಗ ಏನಿದೆ ಅಂದರೆ, ಒಂದೆಲಗ. ಸಾಗರದಿಂದ ಯಾರೋ ಬಸ್ಸಿನಲ್ಲಿ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಮುಷ್ಟಿ ಬೇರು ತಂದುಕೊಟ್ಟರು. ನೆರಳು, ತೇವ, ಎರಡೂ ಅದಕ್ಕೆ ಇಷ್ಟ. ಆರು ತಿಂಗಳಲ್ಲಿ ಕಲ್ಲಿನ ಸಂದಿಯಲ್ಲೆಲ್ಲ ಹಬ್ಬಿ ಹಸಿರು ಹಾಸಿದೆ, ಮೇಲೆ ವಾರಕ್ಕೊಮ್ಮೆ ತಂಬುಳಿ. ಮೂಲೆಯಲ್ಲಿ ಕೆಸು, ಮಳೆಗಾಲದಲ್ಲಿ ಪತ್ರೊಡೆಗೆ ಅಂತಲೇ. ಗೋಡೆಗೆ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದೇವೆ, ಅರವತ್ತು ಬುಟ್ಟಿ ಮಾಡದ ಕೆಲಸ ಒಂದು ಬಳ್ಳಿ ಮಾಡಿದೆ. ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿ ಎರಡು ಜರೀಗಿಡ, ಸ್ನೇಕ್ ಪ್ಲಾಂಟ್ ತಂದೆ. ಅಲ್ಲಿ ಹೋದರೆ ಗಿಡದ ಬಣ್ಣ ನೋಡಿ ಮರುಳಾಗುವ ಮೊದಲು ನಿಮ್ಮ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಅಂತ ಹೇಳಿ, ಅನುಭವ ಇದ್ದವರು ಆ ಕಡೆ ಸಾಲಿನಿಂದ ಈ ಕಡೆ ಸಾಲಿಗೆ ನಿಮ್ಮನ್ನು ತಿರುಗಿಸುತ್ತಾರೆ. ದಾಸವಾಳ, ಮಲ್ಲಿಗೆ ಎರಡನ್ನೂ ಮನೆ ಮುಂದಕ್ಕೆ ಸಾಗಿಸಿದೆ, ದಕ್ಷಿಣದ ಬಿಸಿಲಿಗೆ ಈಗ ದಿನಾ ಹೂವು. ಈ ಬದಲಾವಣೆಗೆಲ್ಲ ಸೇರಿ ನಾಲ್ಕು ಸಾವಿರವೂ ಆಗಲಿಲ್ಲ.

ಬಿಲ್ ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲ್ಲು ಮತ್ತು ಗಾರೆ ಕೆಲಸಕ್ಕೆ 62 ಸಾವಿರ. ವರ್ಟಿಕಲ್ ಗಾರ್ಡನ್ 48. ಹುಲ್ಲು, ಗಿಡ 35. ಫೌಂಟೇನ್ 18. ಡಿಸೈನ್ ಮತ್ತು ಸೂಪರ್‌ವಿಷನ್ 22 ಸಾವಿರ. ಇವತ್ತಿಗೆ ಅಂಗಳದಲ್ಲಿ ಗಟ್ಟಿಯಾಗಿ ಉಳಿದಿರೋದು ಆ 62 ಸಾವಿರದ್ದು ಮಾತ್ರ. ತಿಂಗಳಿಗೆ 1,500 ರೂಪಾಯಿಯ ನಿರ್ವಹಣೆ ಅಂತ ಬೇರೆ ಇತ್ತು, ಬಂದವರು ಗಿಡಕ್ಕೆ ನೀರು ಚಿಮುಕಿಸಿ, ಫೋಟೋ ಹೊಡೆದು ಗ್ರೂಪಿಗೆ ಹಾಕಿ ಹೋಗುತ್ತಿದ್ದರು. ಐದನೇ ತಿಂಗಳಿಗೆ ನಿಲ್ಲಿಸಿದೆ. ಅದಕ್ಕೆ ಒಂದು ಸ್ಟಾರ್, ಡಿಸೈನಿಗೆ ಎರಡು. ನೀವು ಯಾರನ್ನಾದರೂ ಕರೆಸುವುದಾದರೆ ಅವರು ಮಾಡಿದ ಹೊಸ ಅಂಗಳದ ಫೋಟೋ ಕೇಳಬೇಡಿ, ಎರಡು ವರ್ಷ ಹಳೆಯದು ಒಂದನ್ನು ಹೋಗಿ ನೋಡಿಕೊಂಡು ಬನ್ನಿ. ಡಿಸೆಂಬರ್‌ನಲ್ಲಿ ಹೋದರೆ ಇನ್ನೂ ಒಳ್ಳೆಯದು.

ಹೋದ ಏಪ್ರಿಲ್‌ನಲ್ಲಿ ಕಂಪನಿಯಿಂದ ಫೋನ್ ಬಂತು. ಕಲ್ಲಿನ ಅಂಗಳ ಈಗ ಟ್ರೆಂಡ್ ಅಂತೆ, ನಮ್ಮದರ ಫೋಟೋ ಇನ್‌ಸ್ಟಾಗ್ರಾಮಿಗೆ ಬೇಕಂತೆ. ಬನ್ನಿ ಅಂದೆ. ಅದೇ ಹುಡುಗ ಬಂದ, ಜೊತೆಗೆ ಕ್ಯಾಮೆರಾದವನು. ಮಧ್ಯಾಹ್ನ ಹನ್ನೆರಡು, ನೆತ್ತಿ ಮೇಲಿನ ಬಿಸಿಲು ನೇರ ಅಂಗಳಕ್ಕೆ ಇಳಿದಿತ್ತು, ಆ ಕಡೆಯಿಂದ ಈ ಕಡೆಗೆ ಚಾಪೆ, ಚಾಪೆ ಮೇಲೆ ಸಾಲಾಗಿ ಹಲಸಿನ ಹಪ್ಪಳ. ಅತ್ತೆ ಕೋಲು ಹಿಡಿದು ಜಗಲಿ ಮೇಲೆ, ಕಾಗೆ ಕಾಯುತ್ತಾ. "ಅಜ್ಜಿ, ಹತ್ತು ನಿಮಿಷ ಇದನ್ನ ತೆಗೀಬಹುದಾ? ಈಗ ಲೈಟಿಂಗ್ ಚೆನ್ನಾಗಿದೆ" ಅಂದ.

"ಅದಕ್ಕೇ ಅಲ್ವನಾ ಹಾಕಿದ್ದು" ಅಂದರು ಅತ್ತೆ. "ನಾಲ್ಕು ಗಂಟೆ ಮೇಲೆ ಬಾ, ಕಾಫಿ ಮಾಡ್ತೆ."