43ನೇ ಮನೆಗೆ ಯಾವ ಬಣ್ಣ? ಕನ್ನಡದ ಆವರ್ತಕ ಕೋಷ್ಟಕ ಚಾರ್ಟ್ ಬಗ್ಗೆ

ನಮ್ಮ ಹೈಸ್ಕೂಲಿನ ಲ್ಯಾಬಿಗೆ ಅಂತ ಜೂನ್‌ನಲ್ಲಿ ಈ ಚಾರ್ಟ್ ತಂದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, 380 ರೂಪಾಯಿ. ಮೇಲೆ ಕೆಳಗೆ ಪ್ಲಾಸ್ಟಿಕ್ ಪಟ್ಟಿ, ನೇತುಹಾಕಲು ದಾರ, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಲ್ಯಾಮಿನೇಷನ್. ಆರು ತಿಂಗಳಾಯಿತು, ಅಂಚು ಎದ್ದಿಲ್ಲ. ಅಕ್ಷರ ಕೊನೇ ಬೆಂಚಿಗೂ ಕಾಣುತ್ತದೆ. ಹಳೇ ಚಾರ್ಟಿನಲ್ಲಿ 113, 115, 117, 118ನೇ ಧಾತುಗಳಿಗೆ ತಾತ್ಕಾಲಿಕ ಹೆಸರುಗಳೇ ಇದ್ದವು. ಇದರಲ್ಲಿ 2016ರಲ್ಲಿ ಬಂದ ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸಿನ್, ಒಗನೆಸಾನ್ ಎಲ್ಲ ಸರಿಯಾಗಿವೆ. ಕನ್ನಡದಲ್ಲಿ ಇಷ್ಟು ಅಚ್ಚುಕಟ್ಟಾದ ಚಾರ್ಟ್ ಸಿಕ್ಕಿದ್ದು ನನಗೆ ನಿಜಕ್ಕೂ ಖುಷಿ.

ತಕರಾರು ಇರುವುದು ಬಣ್ಣದಲ್ಲಿ. ಹಸಿರು ಅಂದರೆ ನೈಸರ್ಗಿಕ, ಕೆಂಪು ಅಂದರೆ ‘ಮಾನವ ನಿರ್ಮಿತ, ಪ್ರಕೃತಿಯಲ್ಲಿ ಇಲ್ಲ’ ಅಂತ ಕೆಳಗೆ ಬರೆದಿದ್ದಾರೆ. 43, 61 ಮತ್ತು 93ರಿಂದಾಚೆಗಿನವೆಲ್ಲ ಕೆಂಪು.

ಹೋದ ವರ್ಷ ನಮ್ಮಮ್ಮನಿಗೆ ಬೋನ್ ಸ್ಕ್ಯಾನ್ ಆಯಿತು. ‘ಏನಮ್ಮ ಚುಚ್ಚೋದು?’ ಅಂತ ಕೇಳಿದೆ. ‘ಟೆಕ್ನೀಷಿಯಂ’ ಅಂದರು ಅಲ್ಲಿನ ಹುಡುಗಿ. ಅದೇ 43. ಆ ಸಿರಿಂಜಿನಲ್ಲಿದ್ದದ್ದು ಮನುಷ್ಯರು ಮಾಡಿದ್ದೇ: ರಿಯಾಕ್ಟರಿನಲ್ಲಿ ತಯಾರಾದ ಮಾಲಿಬ್ಡಿನಂ ಕ್ಷಯಿಸಿ ಹುಟ್ಟಿದ್ದು, ಆರು ಗಂಟೆಗೆ ಅರ್ಧ ಕರಗುವಂಥದ್ದು. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ವಿಜ್ಞಾನಿಗಳಾದ ಸೆಗ್ರೆ ಮತ್ತು ಪೆರಿಯೆ ಈ ಧಾತುವನ್ನು ಮೊದಲು ಗುರುತಿಸಿದ್ದೂ ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನಿನಲ್ಲಿ (ಕಣಗಳಿಗೆ ವೇಗ ಕೊಟ್ಟು ಗುರಿಗೆ ಹೊಡೆಯುವ ಯಂತ್ರ) ಹೊಡೆತ ತಿಂದು ಬಂದ ಮಾಲಿಬ್ಡಿನಂ ತಗಡಿನಲ್ಲಿ. ಇಷ್ಟೇ ಆಗಿದ್ದರೆ ಕೆಂಪು ಬಣ್ಣ ಒಪ್ಪುತ್ತಿದ್ದೆ.

ಆದರೆ 1952ರಲ್ಲಿ ಖಗೋಳಶಾಸ್ತ್ರಜ್ಞ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯ ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಷಿಯಂನ ಗೆರೆಗಳನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಆ ಧಾತುವಿನ ಗುರುತು) ಕಂಡರು. ಆಮೇಲೆ ಕಾಂಗೋದ ಯುರೇನಿಯಂ ಅದಿರಿನಲ್ಲೂ ಸಿಕ್ಕಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿನಷ್ಟೂ ಒಂದು ಕಿಲೋ ಅದಿರಿನಲ್ಲಿಲ್ಲ; ಆದರೂ ಇದೆ. ಭೂಮಿಗೆ ಸುಮಾರು 450 ಕೋಟಿ ವರ್ಷ. ಟೆಕ್ನೀಷಿಯಂನ ಬಗೆಗಳಲ್ಲಿ (ಐಸೊಟೋಪುಗಳಲ್ಲಿ) ಅತಿ ಹೆಚ್ಚು ಬಾಳುವುದರ ಅರ್ಧಾಯು, ಅಂದರೆ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 42 ಲಕ್ಷ ವರ್ಷ. ಹಾಗಾಗಿ ಭೂಮಿ ಹುಟ್ಟಿದಾಗ ಇದ್ದದ್ದೆಲ್ಲ ಎಂದೋ ಮುಗಿದಿದೆ. ಈಗಿರುವುದು ಯುರೇನಿಯಂ ತಾನಾಗಿ ಒಡೆದಾಗ ಹೊಸದಾಗಿ ಹುಟ್ಟಿದ್ದು. 61ರ ಪ್ರೊಮೀಥಿಯಂ ಕಥೆಯೂ ಇದೇ. 93, 94ರ ನೆಪ್ಚೂನಿಯಂ, ಪ್ಲುಟೋನಿಯಂ ಕೂಡ ಯುರೇನಿಯಂ ನ್ಯೂಟ್ರಾನ್ ಹೀರಿಕೊಂಡಾಗ ಅದಿರಿನೊಳಗೆ ಚೂರುಚೂರೇ ಆಗುತ್ತಿರುತ್ತವೆ.

ನನಗೆ ಇನ್ನೂ ಬೇಸರವಾದದ್ದು 85ರ ಆಸ್ಟಟೀನ್ ನೋಡಿ. ಅದನ್ನೂ 1940ರಲ್ಲಿ ಬರ್ಕ್ಲಿಯಲ್ಲಿ ಮೊದಲು ತಯಾರಿಸಿ, ಆಮೇಲೆ ನಿಸರ್ಗದಲ್ಲಿ ಕಂಡದ್ದು. ಚಾರ್ಟಿನಲ್ಲಿ ಅದು ಮಾತ್ರ ಹಸಿರು! ಒಂದೇ ಬಗೆಯ ಧಾತುಗಳಿಗೆ ಎರಡು ನ್ಯಾಯ ಮಾಡಿದರೆ ಮಕ್ಕಳಿಗೆ ಏನಂತ ಹೇಳುವುದು? ಅವರು ಬಣ್ಣ ನೋಡಿಯೇ ಬಾಯಿಪಾಠ ಮಾಡುತ್ತಾರೆ, ಒಂದಂಕದ ಪ್ರಶ್ನೆಗೆ ಅದನ್ನೇ ಬರೆಯುತ್ತಾರೆ. 95ರ ಅಮೆರೀಷಿಯಂನಿಂದ 118ರವರೆಗೆ ಕೆಂಪು ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ. ಈ ಐದಕ್ಕೆ ಮೂರನೇ ಬಣ್ಣವೊಂದು ಬೇಕಿತ್ತು: ‘ಮೊದಲು ತಯಾರಿಸಿದ್ದು, ಆಮೇಲೆ ನಿಸರ್ಗದಲ್ಲೂ ಸಿಕ್ಕಿದ್ದು’.

ಅಂಗಡಿಗೆ ಫೋನ್ ಮಾಡಿದೆ. ‘ನಾವು ಮಾರೋರು ಮೇಡಂ, ಅಚ್ಚು ಹಾಕೋರಿಗೆ ಹೇಳ್ತೀವಿ’ ಅಂದರು. ಹೇಳಲಿ ಅಂತ ಕಾಯುತ್ತಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳಿ, ಆದರೆ ಜೊತೆಗೆ ಒಂದು ಚೀಟಿ ಹಳದಿ ಬಿಂದಿಯನ್ನೂ ತನ್ನಿ. ನಾನು ಐದೂ ಮನೆಗಳಿಗೆ ಒಂದೊಂದು ಅಂಟಿಸಿದ್ದೇನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಸ್ಟೂಲ್ ಹತ್ತಿ, 43ರ ಬಿಂದಿ ಮೇಲೆ ಬೆರಳಿಟ್ಟು, ‘ಮಿಸ್, ಇದು ನಕ್ಷತ್ರದಲ್ಲೂ ಇದ್ಯಾ?’ ಅಂತ ಕೇಳಿದಳು. ಆವತ್ತಿನ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು.